ಅಬು ಜಾಸಿಮರ ಹೆಸರಿದ್ದ ಕ್ಯಾಸೆಟ್ಟು

ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟು, ಕೈಯಲ್ಲಿ ಜಪಮಣಿ ಉರುಳಿಸುತ್ತ ಕೂತ ಅರಬ್ಬಿ ಮುದುಕರೊಬ್ಬರು ಅಮೆರಿಕದ ದನ ಕಾಯುವವರ ಹಾಡು ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ ಎಂದು ಕುಂದಾಪುರದಲ್ಲಿ ಯಾರಾದರೂ ಹೇಳಿದ್ದರೆ, 'ಸುಮ್ನೆ ಇಲ್ಲದ್ದೆಲ್ಲ ಹೇಳ್ಬ್ಯಾಡ' ಎಂದು ಎದ್ದುಹೋಗುತ್ತಿದ್ದೆ. ಕುವೈತಿಗೆ ಬಂದ ನಾಲ್ಕನೆಯ ದಿನವೇ ಅದನ್ನು ಕಣ್ಣಾರೆ ಕಂಡೆ. 1990ರ ಜನವರಿ. ಸಾಲ್ಮಿಯಾದ ಒಂದು ಅಂಗಡಿಯಲ್ಲಿ ಹಳೆಯ ರೆಕಾರ್ಡುಗಳ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿಕೊಡುವುದು ನನ್ನ ಕೆಲಸ.

ಮುದುಕರ ಹೆಸರು ಅಬು ಜಾಸಿಮ್. ಹುಡುಗನಾಗಿದ್ದಾಗ ತಂದೆಯ ಹಡಗಿನಲ್ಲಿ ಬೊಂಬಾಯಿಗೆ ಬಂದುಹೋಗಿದ್ದರಿಂದ ಹಿಂದಿ ಬರುತ್ತಿತ್ತು. ನಮ್ಮ ಮಾತೆಲ್ಲ ಆ ಹಿಂದಿಯಲ್ಲೇ. ಹರೆಯದಲ್ಲಿ ಬುರ್ಗಾನಿನ ಎಣ್ಣೆಬಾವಿಗಳಲ್ಲಿ ದುಡಿದವರು. ಬಾವಿ ಕೊರೆಯಲು ಬಂದಿದ್ದ ಟೆಕ್ಸಾಸಿನವರು ಊರಿಗೆ ಮರಳುವಾಗ ಕೊಟ್ಟುಹೋದ ಎಂಟು ರೆಕಾರ್ಡುಗಳು ಅವರ ಆಸ್ತಿ. ಎಲ್ಲವೂ ಐವತ್ತರ ದಶಕದವು. ಒಬ್ಬ ಗಾಯಕನ ದನಿ ಹಂಡೆಯೊಳಗಿಂದ ಬಂದಂತೆ ದಪ್ಪ. ಒಬ್ಬಳು ಹೆಂಗಸು, ಗಂಡ ಬಿಟ್ಟುಹೋದದ್ದನ್ನು ನೆರೆಮನೆಯವಳಿಗೆ ಹೇಳಿಕೊಳ್ಳುವಷ್ಟು ಸಲೀಸಾಗಿ ಹಾಡುತ್ತಾಳೆ. ಮತ್ತೊಬ್ಬ ತೆಳುದನಿಯವನು ಹಾಡುತ್ತ ಹಾಡುತ್ತ ಗಂಟಲನ್ನು ಒಡೆದು ದನಿಯನ್ನು ಮೇಲಕ್ಕೆ ಹಾರಿಸಿಬಿಡುತ್ತಾನೆ. ಅದಕ್ಕೆ ಯೋಡೆಲ್ ಅನ್ನುತ್ತಾರಂತೆ. ನನಗೆ ಪದ ಒಂದೂ ತಿಳಿಯುತ್ತಿರಲಿಲ್ಲ. ಆದರೆ ಅವನ ದನಿ ಒಡೆದಾಗಲೆಲ್ಲ ಕೈ ನಿಲ್ಲುತ್ತಿತ್ತು. ಅಮ್ಮ ಗದ್ದೆಯಂಚಿನಲ್ಲಿ ನಿಂತು 'ಶೇಖರಾ' ಎಂದು ಊಟಕ್ಕೆ ಕರೆಯುವಾಗ ಕೊನೆಯಲ್ಲಿ ಅವಳ ದನಿಯೂ ಹಾಗೇ ಒಡೆಯುತ್ತಿತ್ತು.

ಊರಿನಲ್ಲಿ ಒಬ್ಬನಿಗೊಂದು ಕೋಣೆ ಇಲ್ಲದಿದ್ದರೂ ಅಂಗಳವಿರುತ್ತದೆ. ಇಲ್ಲಿ ನಾಲ್ವರಿಗೆ ಒಂದು ಕೋಣೆ, ಗುಡುಗುಡು ಅನ್ನುವ ಒಂದು ಎ.ಸಿ., ಬಾಗಿಲು ತೆರೆದರೆ ಒಲೆಬಾಯಿಯ ಬಿಸಿ. ಕುಚ್ಚಲಕ್ಕಿ ಗಂಜಿಯ ಬದಲು ಖುಬ್ಸ್ ಎಂಬ ಅಗಲ ರೊಟ್ಟಿ. ಬಿಸಿಯಿದ್ದಾಗ ರುಚಿಯೇ, ತಣಿದ ಮೇಲೆ ಅದರಲ್ಲಿ ಚಪ್ಪಲಿ ಹೊಲಿಯಬಹುದು. ಜೊತೆಗಿದ್ದವರಲ್ಲಿ ಉಡುಪಿ ಕಡೆಯ ವಿಶ್ವಣ್ಣ ಶುವೈಖ್‌ನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. "ಇಕಾಮಾ ಸಿಕ್ಕಿದ ಮೇಲೆ ನೀನು ಮನುಷ್ಯ ಮಾರಾಯ, ಅಲ್ಲಿವರೆಗೆ ಬರೀ ಲಗ್ಗೇಜು" ಎಂದು ಅವನು ನನಗೆ ಕಲಿಸಿದ್ದ. ವಾಸದ ಪರವಾನಗಿಗೆ ಇಲ್ಲಿ ಇಕಾಮಾ ಎಂದು ಹೆಸರು.

ಅಮ್ಮನಿಗೆ ಓದುಬರಹವಿಲ್ಲ. ಹಾಗಾಗಿ ನಮ್ಮದು ಕ್ಯಾಸೆಟ್ಟಿನ ಕಾಗದ. ನಾನು ಮಾತಾಡಿ ತುಂಬಿ ರಜೆಯಲ್ಲಿ ಹೋಗುವವರ ಕೈಯಲ್ಲಿ ಕಳಿಸಿದರೆ, ಅದೇ ಕ್ಯಾಸೆಟ್ಟಿನ ಮೇಲೆ ಅಮ್ಮ ತನ್ನ ಮಾತು ತುಂಬಿ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಏಪ್ರಿಲ್ಲಿನಲ್ಲಿ ನಾನು ಕಳಿಸಿದ್ದು ಅಬು ಜಾಸಿಮರಿಗಾಗಿ ಮಾಡಿ, ಸರಿಬಾರದೆ ಬದಿಗಿಟ್ಟ ಪ್ರತಿ. ಅಂಗಡಿಯಲ್ಲಿ ಹಾಡು ತುಂಬಿಯಾದ ಮೇಲೆ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚಿಪ್ಪನ್ನು ಮುರಿಯುತ್ತೇವೆ. ಮುರಿದರೆ ಅದರ ಮೇಲೆ ಬೇರೇನೂ ತುಂಬಲಾಗದು. ಇದರದ್ದನ್ನು ನಾನು ಮುರಿದಿರಲಿಲ್ಲ. ಅವರ ಹೆಸರು ಬರೆದು ಅಂಟಿಸಿದ್ದ ಚೀಟಿ ಕೀಳುವ ಗೋಜಿಗೂ ಹೋಗಿರಲಿಲ್ಲ.

ಮೇ ತಿಂಗಳಲ್ಲಿ ಅದು ಅಮ್ಮನ ಮಾತು ಹೊತ್ತು ಬಂತು. ಜೂನ್‌ನಲ್ಲಿ ಅಮ್ಮ ಹೋದಳೆಂದು ತಂತಿ ಬಂತು. ಪಾಸ್‌ಪೋರ್ಟು ಕಫೀಲ್ ಬಳಿ, ಅಂದರೆ ನನ್ನನ್ನು ಇಲ್ಲಿಗೆ ಕರೆಸಿಕೊಂಡ ಮಾಲೀಕನ ಬಳಿ. ರಜೆಗೆ ಇನ್ನೂ ಒಂದೂವರೆ ವರ್ಷ. ಹೋಗಲಿಲ್ಲ. ಅಮ್ಮನ ಮುಖ ನೋಡಲಿಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಒಳಗೇ ಉಳಿದು ಕ್ಯಾಸೆಟ್ಟು ಹಾಕುತ್ತಿದ್ದೆ. ಕೊನೆಯವರೆಗೆ ಕೇಳಲು ಆಗುತ್ತಿರಲಿಲ್ಲ. ಅರ್ಧದಲ್ಲೇ ನಿಲ್ಲಿಸಿ ಮುಖ ತೊಳೆಯುತ್ತಿದ್ದೆ.

ಆಗಸ್ಟ್ ಒಂದರ ಸಂಜೆ ಅಬು ಜಾಸಿಮ್ ತಮ್ಮ ಹಾಡು ಒಯ್ಯಲು ಬಂದರು. ಅಂಗಡಿ ತುಂಬ ಜನ. ಅವರ ಹೆಸರಿನ ಚೀಟಿ ಕಂಡ ಕ್ಯಾಸೆಟ್ಟನ್ನು ಎತ್ತಿಕೊಟ್ಟೆ. ರೆಕಾರ್ಡುಗಳನ್ನು ಆಮೇಲೆ ಒಯ್ಯುತ್ತೇನೆಂದು ಅಲ್ಲೇ ಬಿಟ್ಟುಹೋದರು. ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು.

ಎರಡು ದಿನ ಬಿಟ್ಟು ಅಂಗಡಿಯಿಂದ ನನ್ನ ಸಾಮಾನನ್ನೂ ಅವರ ರೆಕಾರ್ಡುಗಳನ್ನೂ ತಂದು, ಕೋಣೆಯಲ್ಲಿ ಅಮ್ಮನ ಕ್ಯಾಸೆಟ್ಟು ಹಾಕಿದರೆ ಗಿಟಾರು ಕೇಳಿಸಿತು. ಎರಡಕ್ಕೂ ಅವರ ಹೆಸರಿನದೇ ಚೀಟಿ, ಅವತ್ತು ಎತ್ತಿಕೊಟ್ಟದ್ದು ಅಮ್ಮನದನ್ನು. ಯಾರದೋ ಗೊತ್ತಿಲ್ಲದ ಮಾತು ಕೇಳಿ ಮುದುಕರು ಅದನ್ನು ಎಸೆದರೆ? ಚಿಪ್ಪು ಬೇರೆ ಮುರಿದಿಲ್ಲ. ಮೇಲೆ ಬೇರೇನಾದರೂ ತುಂಬಿದರೆ? ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮನೆ ಹುಡುಕಿ ಹೋದೆ, ಗೇಟಿಗೆ ಬೀಗ.

"ಜನ ಜೀವ ಹಿಡ್ಕೊಂಡು ಓಡ್ತಾ ಉಂಟು, ನಿಂಗೆ ಕ್ಯಾಸೆಟ್ಟಿನ ಚಿಂತೆ" ಎಂದ ವಿಶ್ವಣ್ಣ. ಆಮೇಲೆ ನನ್ನ ಮುಖ ನೋಡಿ, "ಅಮ್ಮನದ್ದಾ?" ಎಂದು ಕೇಳಿದ.

ರೆಕಾರ್ಡುಗಳನ್ನು ಕಂಬಳಿಯಲ್ಲಿ ಸುತ್ತಿ ಕೋಣೆಯ ಅಟ್ಟದ ಮೇಲಿಟ್ಟು ಸೆಪ್ಟೆಂಬರಿನಲ್ಲಿ ಹೊರಟೆವು. ಬಸ್ಸಿನಲ್ಲಿ ಬಾಗ್ದಾದು, ಅಲ್ಲಿಂದ ಜೋರ್ಡಾನಿನ ಮರಳಿನಲ್ಲಿ ಡೇರೆಯ ವಾಸ, ಕೊನೆಗೆ ಬೊಂಬಾಯಿಯ ವಿಮಾನ. ನನ್ನ ಚೀಲದಲ್ಲಿ ಎರಡು ಅಂಗಿ, ಒಂದು ಲುಂಗಿ, ಯಾರದೋ ದೇಶದ ದನಗಾಹಿಗಳ ಹಾಡು. ಊರು ತಲುಪಿದಾಗ ಅಕ್ಕ ಗಿರಿಜೆ ಮೊದಲು ಕೇಳಿದ್ದು ಇದನ್ನೇ.

"ಅಮ್ಮನ ಕ್ಯಾಸೆಟ್ ತಂದ್ಯಾ?"

ನಡೆದದ್ದು ಹೇಳಿದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಡಿಗೆ ಎಂತ ಹೇಳಿದ್ಲ್ ಅಮ್ಮ?" ಎಂದಳು.

ಅದು ನನಗೆ ಗೊತ್ತಿರಲಿಲ್ಲ. ಅಲ್ಲಿವರೆಗೆ ಕೇಳಿಯೇ ಇರಲಿಲ್ಲವಲ್ಲ. ಅಲ್ಲಿದ್ದಾಗ ಊರಿಗಾಗಿ ಹಂಬಲಿಸಿದವನು ಊರಿನಲ್ಲಿ ಕೂತು ಸಾಲ್ಮಿಯಾದ ಒಂದು ಬೀಗ ಹಾಕಿದ ಗೇಟನ್ನು ನೆನೆಯುತ್ತಿದ್ದೆ.

ಯುದ್ಧ ಮುಗಿದು, ಅಂಗಡಿಯ ಮಾಲೀಕ ಮತ್ತೆ ವೀಸಾ ಕಳಿಸಿದಾಗ ನಾನು ಎರಡು ಮಾತಾಡದೆ ಹೊರಟೆ. 1991ರ ಆಗಸ್ಟ್. ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಈ ಕಡೆ ತಿರುಗಿದರೆ ನಡುಹಗಲಲ್ಲೇ ದೀಪ ಹಚ್ಚಬೇಕು. ಒಣಹಾಕಿದ ಅಂಗಿಯ ಮೇಲೆ ಕಪ್ಪು ಚುಕ್ಕೆ. ನಮ್ಮ ಕೋಣೆಗೆ ಬಾಗಿಲೇ ಇರಲಿಲ್ಲ. ಅಟ್ಟದ ಮೇಲೆ ಕಂಬಳಿಯೂ ಇಲ್ಲ, ರೆಕಾರ್ಡೂ ಇಲ್ಲ.

ಅಬು ಜಾಸಿಮರ ಗೇಟು ಈ ಸಲ ತೆರೆದಿತ್ತು. ಬಡಕಲಾಗಿದ್ದರು. ನಾನು ತಲೆ ತಗ್ಗಿಸಿ ಹಾಡಿನ ಕ್ಯಾಸೆಟ್ಟು ಮುಂದೆ ಹಿಡಿದೆ. "ಬಾಬಾ, ಇದೊಂದೇ ಉಳಿದದ್ದು. ರೆಕಾರ್ಡುಗಳು ಹೋದವು."

"ಖಲಾಸ್," ಎಂದರು ಅವರು. ಮುಗಿಯಿತು, ಬಿಡು ಅನ್ನುವುದಕ್ಕೆ ಇಲ್ಲಿಯ ಮಾತು. "ಬುರ್ಗಾನೇ ಉರಿಯುತ್ತಿದೆ, ಇನ್ನು ರೆಕಾರ್ಡು. ಒಳಗೆ ಬಾ. ನಿಮ್ಮ ಅಜ್ಜಿ ಏಳು ತಿಂಗಳು ನಮ್ಮ ಮನೆಯಲ್ಲೇ ಇದ್ದಳು."

"ಅಜ್ಜಿಯಲ್ಲ ಬಾಬಾ. ನನ್ನ ತಾಯಿ."

ಅವರು ನನ್ನನ್ನು ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಹೇಳಿದರು: ಗೇಟಿಗೆ ಬೀಗ ಹಾಕಿಕೊಂಡು ಗಂಡ ಹೆಂಡತಿ ಒಳಗೇ ಅಡಗಿದ್ದರು. ಸಿಪಾಯಿಗಳ ಕಿವಿಗೆ ಅಮೆರಿಕದ ಹಾಡು ಬೀಳಬಾರದು. ಮನೆಯಲ್ಲಿ ಬೇರೆ ದನಿ ಬೇಕೆನಿಸಿದಾಗ ಮೆಲ್ಲಗೆ ಹಾಕುತ್ತಿದ್ದದ್ದು ಇದೊಂದನ್ನೇ. ಅವಳು ಎಲ್ಲಿ ಕೆಮ್ಮುತ್ತಾಳೆ, ಎಲ್ಲಿ ನಗುತ್ತಾಳೆ, ಇಬ್ಬರಿಗೂ ಬಾಯಿಪಾಠ. ಕ್ಯಾಸೆಟ್ಟನ್ನು ತಿರುಗಿಸಿ ತೋರಿಸಿದರು. ಬೆನ್ನಿನ ಚಿಪ್ಪು ಎರಡನ್ನೂ ಮುರಿದಿದ್ದರು.

"ಕೊನೆಯಲ್ಲಿ ಒಂದೇ ಮಾತನ್ನು ಮೂರು ಸಲ ಹೇಳುತ್ತಾಳೆ," ಎಂದರು. "ದೇವರು ಕಾಯಲಿ ಅಂತಿರಬೇಕು ಅನ್ನುತ್ತಾಳೆ ನನ್ನ ಹೆಂಡತಿ. ಏನದು?"

ಕ್ಯಾಸೆಟ್ಟು ಹಾಕಿದರು. ಅಮ್ಮ ಎಮ್ಮೆಯ ಸುದ್ದಿ ಹೇಳಿದಳು, ಮಾವಿನ ಮಿಡಿ ಉಪ್ಪಿಗೆ ಹಾಕಿದ್ದು ಹೇಳಿದಳು, ಹೊತ್ತಿಗೆ ಸಮಾ ಉಣ್ಣು ಎಂದಳು. ನಾನು ಅದುವರೆಗೆ ಕೇಳಿರದ ಕಡೆ ಬಂದಾಗ ಕುರ್ಚಿಯ ಕೈ ಹಿಡಿದುಕೊಂಡೆ. "ದುಡ್ದದ್ದ್ ಸಾಕ್ ಮಗಾ, ಬಾ," ಎಂದಳು. "ಸಾಕ್, ಮನಿಗ್ ಬಾ. ಬಾ ಮಗಾ." ಟಕ್ಕೆಂದು ಅಮ್ಮ ನಿಂತಳು. ಅವಳ ಮಾತು ಮುಚ್ಚದೆ ಉಳಿದ ಜಾಗದಲ್ಲಿ ತೆಳುದನಿಯವನ ಹಾಡು ಅರ್ಧದಿಂದ ಶುರುವಾಯಿತು, ಗಂಟಲು ಒಡೆದು ಮೇಲೆ ಹಾರಿತು.

ಅತ್ತೆ. ಮುದುಕರು ಕಾದರು. ಆಮೇಲೆ ಹಿಂದಿಯಲ್ಲಿ ಅರ್ಥ ಹೇಳಿದೆ.

"ಮನೆಗೆ ಬಾ ಅಂದಳಾ?" ಅಬು ಜಾಸಿಮ್ ನನ್ನನ್ನೇ ನೋಡಿದರು. "ಮತ್ತೆ ನೀನೇಕೆ ಇಲ್ಲಿಗೆ ಬಂದೆ?"

"ಅದನ್ನು ಕೇಳಲಿಕ್ಕೆ," ಎಂದೆ.

ಅವರು ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ಸುತ್ತಿದರು.