ಮೊದಲು ಮೂಟೆ ಇಳಿಸಿ, ಆಮೇಲೆ ಆಂಟೆನಾ

ವಿಜಯವಾಡದ ಸತ್ಯನಾರಾಯಣಪುರದಲ್ಲಿ ಒಂದು ತಾರಸಿ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಗಂಗಾಭವಾನಿ ಗೋಣಿಚೀಲಕ್ಕೆ ಮರಳು ತುಂಬುತ್ತಿದ್ದಾರೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮೇಲೆ ಗಂಡನ ಹಳೆಯ ಖಾಕಿ ಅಂಗಿ. ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡುತ್ತಾರೆ. ಸಾಲದೆಂದು ಇನ್ನೆರಡು ಬೊಗಸೆ ಹಾಕುತ್ತಾರೆ.

"ಇದು ಗಾಳಿ ಪಾಲು" ಎನ್ನುತ್ತಾರೆ.

ತಾರಸಿಯ ಮೇಲೆ ಉದ್ದನೆಯ ಕಬ್ಬಿಣದ ಕೊಳವೆ ಮಲಗಿದೆ. ಬುಡಕ್ಕೆ ಬಾಗಿಲಿನ ಹಾಗೆ ಕೀಲು. ಮೂಟೆಯನ್ನು ತುದಿಗೆ ಕಟ್ಟಿ, ರಾಟೆಯ ಮೇಲೆ ಹಾಯಿಸಿದ ಹಗ್ಗವನ್ನು ಅವರು ಎಳೆಯುತ್ತಾರೆ. ಕೊಳವೆ ನಿಧಾನವಾಗಿ ಎದ್ದು ನಿಲ್ಲುತ್ತದೆ. ಮರಳಿನ ಮೂಟೆ ಆಕಾಶದಲ್ಲಿ ತೂಗುತ್ತದೆ. ಪಕ್ಕದ ತಾರಸಿಯಲ್ಲಿ ಹಲ್ಲುಜ್ಜುತ್ತಿದ್ದವರೊಬ್ಬರು "ಜೆಂಡಾ ವಂದನಮಾ, ಮೂರ್ತಿಗಾರೂ?" ಎಂದು ತೆಲುಗಿನಲ್ಲಿ ಕೇಳುತ್ತಾರೆ. ಧ್ವಜವಂದನೆಯೇ ಎಂಬ ಲೇವಡಿ.

ಗಂಗಾಭವಾನಿ ಹಗ್ಗವನ್ನು ಆಂಟೆನಾ ಹಾಕಿಸಲು ಕರೆಸಿದ ಗಿರಾಕಿಯ ಕೈಗೆ ಕೊಟ್ಟು ಹಿಂದೆ ಸರಿದು ಕೈಕಟ್ಟಿ ನಿಲ್ಲುತ್ತಾರೆ. "ಈಗ ಇಳಸ್ರಿ ಸಾರ್. ನಾನು ಊರಾಗ ಇಲ್ಲ ಅನ್ಕೊಳ್ರಿ."

ಗಿರಾಕಿ ನರಸಿಂಹಮೂರ್ತಿ, ತುಮಕೂರು ಕಡೆಯವರು. ಬ್ಯಾಂಕ್ ಅಧಿಕಾರಿ, ವರ್ಗವಾಗಿ ಇಲ್ಲಿಗೆ ಬಂದು ಎರಡು ವರ್ಷ. ನಿವೃತ್ತಿ ಹತ್ತಿರದಲ್ಲಿದೆ. ಸರ್ಕಾರದ ಪರವಾನಗಿ ಪಡೆದು ಮನೆಯಿಂದಲೇ ದೂರದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದವರಲ್ಲಿ ಒಬ್ಬರು. ಹೆಂಡತಿ ಪದ್ಮಾ ನೀರಿನ ತೊಟ್ಟಿಯ ಮರೆಯಲ್ಲಿ ನಿಂತು ನೋಡುತ್ತಿದ್ದಾರೆ. ಮೂರ್ತಿಯವರು ಹಗ್ಗ ಸಡಿಲಿಸುತ್ತ ಹೋಗುತ್ತಾರೆ. ಕುತ್ತಿಗೆಯ ನರ ಉಬ್ಬುತ್ತದೆ. ಕೊನೆಗೆ ಮೂಟೆ ನೆಲ ಮುಟ್ಟುತ್ತದೆ.

"ಆಯ್ತಲ್ಲ" ಎಂದು ಬೆವರು ಒರೆಸಿಕೊಳ್ಳುತ್ತಾರೆ. "ಈಗ ದೊಡ್ಡದು ಕಟ್ಟಿ."

"ಸ್ವಲ್ಪ ಉಸಿರು ತಗೊಳ್ರಿ" ಎನ್ನುತ್ತಾರೆ ಗಂಗಾಭವಾನಿ.

ಈ ಮೂಟೆಯ ಪರೀಕ್ಷೆ ಏಕೆಂದು ತಿಳಿಯಬೇಕಾದರೆ ಬೀಮ್ ಆಂಟೆನಾ ಎಂದರೇನೆಂದು ತಿಳಿಯಬೇಕು. ಮನೆಯ ಮೇಲೆ ಒಂದು ತಂತಿ ಕಟ್ಟಿದರೂ ರೇಡಿಯೊ ಕೆಲಸ ಮಾಡುತ್ತದೆ. ಆದರೆ ತಂತಿಯಿಂದ ಹೊರಟ ದನಿ ನಾನಾ ಕಡೆಗೆ ಚದುರಿ ತೆಳುವಾಗುತ್ತದೆ. ಬೀಮ್ ಅದನ್ನು ಕೂಡಿಸಿ ಒಂದು ದಿಕ್ಕಿಗೆ ಕಳಿಸುತ್ತದೆ, ಆ ದಿಕ್ಕಿನಿಂದ ಬಂದದ್ದನ್ನೇ ಹೆಚ್ಚಾಗಿ ಕೇಳುತ್ತದೆ. ನೋಡಲು ಟಿ.ವಿ. ಆಂಟೆನಾದ ಅಣ್ಣನಂತಿರುತ್ತದೆ: ನಡುವೆ ಒಂದು ಕೊಳವೆ, ಅದಕ್ಕೆ ಅಡ್ಡಲಾಗಿ ಅಲ್ಯೂಮಿನಿಯಂ ಕಡ್ಡಿಗಳು. ಮೂರ್ತಿಯವರು ಕೇಳುತ್ತಿರುವ ಬೀಮಿನಲ್ಲಿ ಒಂದೊಂದು ಕಡ್ಡಿಯೂ ಒಂದು ಬಸ್ಸಿನಷ್ಟು ಉದ್ದ. ಎರಡು ಕಡ್ಡಿಯದ್ದು ಹಾಕಬಹುದು, ಮೂರು ಕಡ್ಡಿಯದ್ದು ಹಾಕಬಹುದು. ಕಡ್ಡಿ ಹೆಚ್ಚಿದಂತೆ ದನಿಗೆ ಬಲ ಬರುತ್ತದೆ. ಗಾಳಿಗೂ ಹಿಡಿತ ಸಿಗುತ್ತದೆ.

ಮೂರ್ತಿಯವರಿಗೆ ಮೂರೇ ಬೇಕು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಯಂತ್ರ ಅವರೇ ಕೂಡಿಸಿದ್ದು, ಶಕ್ತಿ ಕಡಿಮೆ. ಮನೆಯ ಹಿಂದೆ ವಿದ್ಯುತ್ ತಂತಿಗಳು ಹಾದುಹೋಗಿದ್ದು ಹಗಲೂ ರಾತ್ರಿ ರೇಡಿಯೊದಲ್ಲಿ ಗರಗರ ಸದ್ದು. ಮೂರು ಕಡ್ಡಿಯಾದರೆ ಹಿಂದಿನ ಗದ್ದಲ ಅಡಗುತ್ತದೆ.

"ಎರಡು ವರ್ಷದಿಂದ ಕೂಗ್ತಿದೀನಿ" ಎನ್ನುತ್ತಾರೆ. "ಎಲ್ಲರ ಮಾತೂ ನನಗೆ ಕೇಳುತ್ತೆ. ನನ್ನ ಮಾತು ಯಾರಿಗೂ ಕೇಳಲ್ಲ."

"ಬ್ಯಾಂಕಲ್ಲೂ ಅದೇ ಕಥೆ" ಎನ್ನುತ್ತಾರೆ ಪದ್ಮಾ, ಕಾಫಿ ಲೋಟ ಕೊಡುತ್ತ.

ಗಂಗಾಭವಾನಿ ಬಳ್ಳಾರಿಯಲ್ಲಿ ಹುಟ್ಟಿದವರು. ವಿಶಾಖಪಟ್ಟಣದ ಕಾಮೇಶ್ವರರನ್ನು ಮದುವೆಯಾಗಿ ಬಂದು ಇಪ್ಪತ್ತು ವರ್ಷ ದಾಟಿದೆ. ಗಂಡ ತೆಲುಗಿನವರು. ಮನೆಯಲ್ಲಿ ಎರಡೂ ಭಾಷೆ ಕಲಸಿಹೋಗಿವೆ. ಆ ಊರಿನ ಕಂಚರಪಾಲೆಂನಲ್ಲಿ ತಗಡು ಹೊದಿಸಿದ ಒಂದು ಷೆಡ್ ಇವರ ಆಂಟೆನಾ ಅಂಗಡಿ. ಎಂಬತ್ತರ ದಶಕದ ನಡುವಿನಲ್ಲಿ ಊರಿಗೆ ಟಿ.ವಿ. ಬಂದಾಗ ಕಾಮೇಶ್ವರರಿಗೆ ಉಣ್ಣಲು ಪುರುಸೊತ್ತಿರಲಿಲ್ಲ. ದಿನಕ್ಕೆ ನಾಲ್ಕೈದು ಮನೆ ಹತ್ತುತ್ತಿದ್ದರು. ಹವ್ಯಾಸಿ ರೇಡಿಯೊದವರೂ ಹುಡುಕಿಕೊಂಡು ಬಂದರು. ಅವರು ಪುಸ್ತಕದ ಚಿತ್ರ ತೋರಿಸಿದರೆ ಇವರು ಕಡ್ಡಿ ಕೊಯ್ದು ಜೋಡಿಸುತ್ತಿದ್ದರು.

ತೊಂಬತ್ತರ ಮೇ ತಿಂಗಳಲ್ಲಿ ಚಂಡಮಾರುತದ ಎಚ್ಚರಿಕೆ ಬಂತು. ತಾವು ಏರಿಸಿದ ಒಂದು ಮೂರು ಕಡ್ಡಿಯ ಬೀಮನ್ನು ಇಳಿಸಲು ಕಾಮೇಶ್ವರ ಹೋದರು. ಆ ಮನೆಯಲ್ಲಿದ್ದದ್ದು ಒಬ್ಬರೇ ವಯಸ್ಸಾದ ಯಜಮಾನರು. ಅವರು ಹಗ್ಗ ಹಿಡಿದರು, ಇವರು ಕೆಳಗೆ ನಿಂತು ಕೊಳವೆಗೆ ಭುಜ ಕೊಟ್ಟರು. ಆಗಲೇ ಗಾಳಿ ಎದ್ದಿತ್ತು. ಹಗ್ಗ ಜಾರಿತು. ಕೊಳವೆ, ಕಡ್ಡಿ ಎಲ್ಲ ಸೇರಿ ಕಾಮೇಶ್ವರರ ಸೊಂಟದ ಮೇಲೆ ಬಿತ್ತು.

"ಆ ಯಜಮಾನ್ರ ತಪ್ಪಿಲ್ರಿ" ಎನ್ನುತ್ತಾರೆ ಗಂಗಾಭವಾನಿ. "ಕೈಯಾನ ಚರ್ಮ ಕಿತ್ತು ಹೋಗೋತನಕ ಹಿಡಿದಿದ್ರು. ಅವ್ರ ಕೈಲಾಗೋದಲ್ಲ ಅಂತ ಬೀಮ್ ಏರ್ಸೋವಾಗ ಯಾರೂ ಕೇಳಿರ್ಲಿಲ್ಲ. ಏರ್ಸೋದಕ್ಕ ಹತ್ತು ಮಂದಿ ಬರ್ತಾರ. ಇಳ್ಸೋ ದಿನ ಯಾರೂ ಇರಂಗಿಲ್ಲ."

ಕಾಮೇಶ್ವರ ಇನ್ನು ಹತ್ತಲಾರರು. ನಡೆಯುವುದೂ ಗೋಡೆ ಹಿಡಿದೇ. ಷೆಡ್ಡಿನಲ್ಲಿ ಕೂತು ಕೊಯ್ಯುವುದು, ತೂತು ಕೊರೆಯುವುದು ಮಾಡುತ್ತಾರೆ. ಹತ್ತುವ ಕೆಲಸ ಹೆಂಡತಿಗೆ ಬಂತು. ಹೆಂಗಸು ತಾರಸಿ ಹತ್ತುವುದಕ್ಕೆ ನಕ್ಕವರು, ಬಾಗಿಲಿನಿಂದಲೇ ಕಳಿಸಿದವರು ಇದ್ದಾರೆ. ಅವರ ಬಗ್ಗೆ ಕೇಳಿದರೆ ಗಂಗಾಭವಾನಿ ಮಾತು ಬದಲಿಸುತ್ತಾರೆ. ಮೂಟೆಯ ಪರೀಕ್ಷೆ ಮಾತ್ರ ಪೂರ್ತಿ ಅವರದೇ. ಎಷ್ಟು ದೂರ ಮಾತಾಡಬೇಕೆಂದು ಅವರು ಯಾರನ್ನೂ ಕೇಳುವುದಿಲ್ಲ. "ಇಳ್ಸೋರು ಯಾರು?" ಎಂದಷ್ಟೇ ಕೇಳುತ್ತಾರೆ. ಉತ್ತರ ಬಾಯಲ್ಲಿ ಹೇಳಿದರೆ ಸಾಲದು, ಮೂಟೆ ಇಳಿಸಿ ತೋರಿಸಬೇಕು. ಬೀಮಿನಷ್ಟೇ ತೂಕದ ಮರಳು, ಅದರ ಮೇಲೆ ಗಾಳಿ ತಳ್ಳುವ ಭಾರಕ್ಕೆಂದು ಒಂದೆರಡು ಬೊಗಸೆ. ಸಣ್ಣ ಮೂಟೆ ಎರಡು ಕಡ್ಡಿಗೆ, ದೊಡ್ಡದು ಮೂರಕ್ಕೆ. ಇಳಿಸಲಾಗದ ಮನೆಗೆ ಬೀಮ್ ಇಲ್ಲ.

ಹೀಗೆ ಗಿರಾಕಿ ಕಳೆದುಕೊಂಡದ್ದೂ ಇದೆ. ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಯೊಬ್ಬರು "ಮದುವೆಗೆ ಹುಡುಗ ನೋಡ್ತಿದ್ದೀಯೋ, ಆಂಟೆನಾ ಮಾರ್ತಿದ್ದೀಯೋ" ಎಂದು ಬೈದು ಕಳಿಸಿದರಂತೆ.

ಈಗ ಕಾಲ ಇನ್ನೂ ಕೆಟ್ಟಿದೆ. ಕೇಬಲ್ ಬಂದಿದೆ. ಟಿ.ವಿ. ಆಂಟೆನಾ ಯಾರಿಗೂ ಬೇಡ. ಕಿತ್ತು ಗುಜರಿಗೆ ಹಾಕಿದ ಆಂಟೆನಾಗಳನ್ನೇ ಗಂಗಾಭವಾನಿ ಕೊಂಡು ತರುತ್ತಾರೆ, ಅವುಗಳ ಕೊಳವೆ ಬೀಮಿನ ಕಡ್ಡಿಯ ತುದಿಗಾಗುತ್ತದೆ. ಒಂದು ಕಾಲದಲ್ಲಿ ಗಂಡ ಏರಿಸಿದ್ದನ್ನು ಈಗ ಹೆಂಡತಿ ತೂಕಕ್ಕೆ ತರುತ್ತಿದ್ದಾರೆ. ಮಳೆಗಾಲ ಶುರುವಾದಾಗಿನಿಂದ ಬಂದ ಕೆಲಸ ಈ ವಿಜಯವಾಡದ್ದೊಂದೇ. ಇದೂ ಕೈತಪ್ಪಿದರೆ ಷೆಡ್ ಬಿಟ್ಟುಕೊಟ್ಟು, ದುವ್ವಾಡದ ಕಡೆ ಯಾವುದಾದರೂ ಕಾರ್ಖಾನೆಯಲ್ಲಿ ಗಂಗಾಭವಾನಿ ದಿನಗೂಲಿಗೆ ಸೇರುವುದೆಂದು ಮನೆಯಲ್ಲಿ ಮಾತಾಗಿದೆ.

ಹೊರಡುವ ಹಿಂದಿನ ದಿನ ಕಾಮೇಶ್ವರರೇ ಹೆಂಡತಿಗೆ ಹೇಳಿದ್ದರು: "ಈ ಸಲ ಮೂಟೆ ಬೇಡ. ಅವರು ಕೇಳಿದ್ದಕ್ಕೇ ಒಪ್ಪಿ ಬಾ."

ಬೀಮಿನಿಂದಲೇ ಸೊಂಟ ಮುರಿದುಕೊಂಡವರು ಆ ಮಾತು ಹೇಳಿದ್ದರು. ಗಂಗಾಭವಾನಿ ಹೂಂ ಎಂದಿದ್ದರು. ಖಾಲಿ ಗೋಣಿಚೀಲಗಳನ್ನು ಮಡಚಿ ಕೈಚೀಲದಲ್ಲಿ ಸೀರೆಯ ಅಡಿ ಇಟ್ಟುಕೊಂಡು ರೈಲು ಹತ್ತಿದ್ದರು.

ಕಾಫಿ ಮುಗಿದಿದೆ. ತಾರಸಿಗೆ ಬಿಸಿಲು ಬಂದಿದೆ. ಗಂಗಾಭವಾನಿ ದೊಡ್ಡ ಚೀಲ ತುಂಬಿ, ಗಾಳಿಯ ಪಾಲು ಸೇರಿಸಿ, ಬಾಯಿ ಹೊಲಿದು ಏರಿಸುತ್ತಾರೆ. ಈ ಸಲ ಅವರಿಗೂ ಏದುಸಿರು. ಹಗ್ಗದ ಕೊನೆಯನ್ನು ಗೋಡೆಯ ಕೊಂಡಿಗೆ ಒಂದು ಕಾವಲು ಗಂಟು ಹಾಕಿಡುತ್ತಾರೆ, ಯಾರಿಗೂ ಹೇಳದೆ.

"ಪದ್ಮಮ್ಮಾರೇ, ನೀವು ಬಾಗಿಲ ಒಳಗ ನಿಂದ್ರಿ."

ಮೂರ್ತಿಯವರು ಹಗ್ಗ ಹಿಡಿಯುತ್ತಾರೆ. ಮೊದಲು ಸರಿಯಾಗಿಯೇ ಇಳಿಯುತ್ತದೆ. ಕೊಳವೆ ಓರೆಯಾದಷ್ಟೂ ಭಾರ ಹೆಚ್ಚುತ್ತದೆ, ಅದು ಅವರಿಗೆ ಗೊತ್ತಿರುವ ಸಂಗತಿಯೇ. ಗೊತ್ತಿದ್ದೂ ಕೈ ತಡೆಯುವುದಿಲ್ಲ. ಹಗ್ಗ ಸರ್ರನೆ ಹರಿಯುತ್ತದೆ. ಮೂಟೆ ಬೀಳುತ್ತದೆ, ಕಾವಲು ಗಂಟು ಬಿಗಿದು ನಡುವೆಯೇ ಜೋತು ನಿಲ್ಲುತ್ತದೆ. ಹೊಲಿಗೆ ಬಿಟ್ಟು ಮರಳು ಸುರಿಯತೊಡಗುತ್ತದೆ.

ಮೂರ್ತಿಯವರು ಕೆಂಪಾದ ಅಂಗೈ ನೋಡಿಕೊಳ್ಳುತ್ತಾರೆ.

"ಕೈ ಬೆವರಿತ್ತು. ಇನ್ನೊಂದ್ಸಲ ನೋಡೋಣ."

"ಗಾಳಿ ಇನ್ನೊಂದ್ಸಲ ಕೊಡಂಗಿಲ್ಲ ಸಾರ್. ಎರಡು ಕಡ್ಡಿದು ಹಾಕ್ತೀನಿ, ಇವತ್ತೇ. ಕೊಳವಿ ಎಲ್ಲಾ ತಂದೀನಿ."

"ಎರಡು ಸಾಲಲ್ಲಮ್ಮ. ಲೆಕ್ಕ ಹಾಕೇ ಹೇಳ್ತಿದೀನಿ."

"ನಿಮ್ಮ ಲೆಕ್ಕ ಖರೇನೇ ಇರಬೇಕು."

"ಇಳಿಸೋಕೆ ಆಳು ಕರೆಸ್ಕೋತೀನಿ. ಅದು ನನ್ನ ಜವಾಬ್ದಾರಿ ಅಲ್ವಾ?"

"ಆ ದಿನ ಆಳೂ ತನ್ನ ಮನಿ ಸೂರು ಹಿಡ್ಕೊಂಡು ಕುಂತಿರ್ತಾನ್ರಿ."

ಮೂರ್ತಿಯವರು ಒರಟು ಮನುಷ್ಯರಲ್ಲ. ಹೈದರಾಬಾದಿನಲ್ಲಿ ಮಾಡಿಕೊಡುವವರಿದ್ದಾರೆ, ಅವರಿಗೆ ಬರೆಯುತ್ತೇನೆ ಎಂದು ಮೆಲ್ಲಗೆ ಹೇಳಿ ಕೆಳಗಿಳಿದು ಹೋಗುತ್ತಾರೆ. ಬ್ಯಾಂಕಿಗೆ ಹೊತ್ತಾಗಿದೆ.

ಗಂಗಾಭವಾನಿ ಹಗ್ಗ ಸುತ್ತಿ, ಕೊಳವೆಗಳನ್ನು ಕಟ್ಟಿ ಹೆಗಲಿಗೇರಿಸುತ್ತಾರೆ. ಗೇಟಿನವರೆಗೆ ಪದ್ಮಾ ಬರುತ್ತಾರೆ. "ಒಂದು ತಿಂಗಳು ತಡೀರಿ. ಎರಡಕ್ಕೆ ಒಪ್ಪಿಸೋಕೆ ನೋಡ್ತೀನಿ. ನಂಗೂ ಆ ಗರಗರ ಕೇಳಿ ಸಾಕಾಗಿದೆ" ಎನ್ನುತ್ತಾರೆ. ಆ ದನಿಯಲ್ಲಿ ನಂಬಿಕೆ ಕಾಣುವುದಿಲ್ಲ.

ವಿಶಾಖಪಟ್ಟಣದ ಕಡೆಗೆ ಹೋಗುವ ಪ್ಯಾಸೆಂಜರಿನಲ್ಲಿ ಕೊಳವೆಗಳ ಕಟ್ಟು ಸೀಟಿನ ಅಡಿಯಲ್ಲಿದೆ. ಹೋಗಿಬರುವವರೆಲ್ಲ ಎಡವುತ್ತಾರೆ, ಬೈಯುತ್ತಾರೆ. ಗಂಗಾಭವಾನಿ ಕಾಲಿಂದ ಅದನ್ನು ಇನ್ನಷ್ಟು ಒಳಕ್ಕೆ ತಳ್ಳಿ ಕಿಟಕಿಯಾಚೆ ನೋಡುತ್ತಾರೆ. ತಾವು ಏರಿಸಿದ ಬೀಮಿನಲ್ಲಿ ಯಾರಾದರೂ ಮಾತಾಡುವುದನ್ನು ಕೇಳಿದ್ದೀರಾ ಎಂದರೆ, "ಒಂದ್ಸಲ ಕೇಳೀನ್ರಿ" ಎನ್ನುತ್ತಾರೆ. "ಯಾರೋ ದೂರದಾವ್ರು, ಅವ್ರ ಊರಾಗ ಮಳಿ ಅಂತ ಹೇಳ್ತಿದ್ರು. ಅಷ್ಟಕ್ಕ ಇಷ್ಟೆಲ್ಲಾ ಏನು ಅನ್ನಿಸ್ತು. ಆದ್ರ ಆ ಮನಿಯಾವ್ರ ಮಾರಿ ನೋಡಬೇಕಿತ್ತು."

ಷೆಡ್ಡಿನ ಬಾಗಿಲು ತೆರೆದಿದೆ. ಕಾಮೇಶ್ವರ ಮಣೆಯ ಮೇಲೆ ಕೂತಿದ್ದಾರೆ. ಹೆಗಲ ಮೇಲೆ ಹೋದ ಕೊಳವೆಗಳು ಹೆಗಲ ಮೇಲೆಯೇ ಬಂದದ್ದು ಅವರಿಗೆ ಕಾಣುತ್ತದೆ. ಅವರ ಮುಂದೆ ಬೀಮಿನ ನಡುವಿನ ಕೊಳವೆ ಸಿದ್ಧವಾಗಿ ಮಲಗಿದೆ. ಹೆಂಡತಿ ಸುದ್ದಿ ತರುವವರೆಗೂ ಕಾಯದೆ, ಮೂರು ಕಡ್ಡಿಗೆಂದು ಮೂರು ಕಡೆ ಕೊರೆದಿದ್ದಾರೆ.

"ಮೂಟೆ ಏರ್ಸಿದ್ಯಾ?"

"ಏರಿಸ್ದೆ."

"ಬೇಡ ಅಂದಿದ್ನಲ್ಲ."

"ಅಂದಿದ್ದಿ."

ಕಾಮೇಶ್ವರ ಕೊರೆಯುವ ಯಂತ್ರವನ್ನು ಪಕ್ಕಕ್ಕಿಡುತ್ತಾರೆ. "ಎಷ್ಟು ಜಾರಿತು?"

"ಹತ್ತತ್ರ ಒಂದಾಳೆತ್ತರ."

ಅವರು ತಲೆಯಾಡಿಸುತ್ತಾರೆ. ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಆಮೇಲೆ ಡಬ್ಬಿಯಿಂದ ಎಂ-ಸೀಲ್ ತೆಗೆದು ಅಂಗೈಯಲ್ಲಿ ನಾದಿ, ಕೊಳವೆ ಎರಡು ಕಡ್ಡಿಗಾದರೂ ಆಗಲೆಂದು ನಡುವಿನ ತೂತುಗಳನ್ನು ಮುಚ್ಚತೊಡಗುತ್ತಾರೆ. ಬಿಟ್ಟರೆ ಸಮುದ್ರದ ಗಾಳಿಗೆ ಒಳಗೆಲ್ಲ ತಿಂದುಹೋಗುತ್ತದೆ. ಷೆಡ್ ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಮೂರ್ತಿಯವರು ಮತ್ತೆ ಕರೆಯಬಹುದೇ ಎಂದು ಕೇಳಿದರೆ ಗಂಗಾಭವಾನಿ ಗೋಣಿಚೀಲವನ್ನು ಬಾಗಿಲಾಚೆ ಕೊಡವುತ್ತಾರೆ. ಉಳಿದ ಮರಳು ಮೆಟ್ಟಿಲ ಮೇಲೆ ಬೀಳುತ್ತದೆ.

"ಕರೀಲಿ, ಬಿಡ್ಲಿ. ಬ್ಯಾರೇದವ್ರ ಕೈಲಿ ದೊಡ್ಡದು ಹಾಕ್ಸಿಕೊಂಡ್ರೂ ಹಾಕ್ಸಿಕೊಳ್ಲಿ. ಗಾಳಿ ಬಂದ ದಿನ ಅದನ್ನ ಉಳ್ಸಾಕ ಅಂತ ಹೊರಗ ಬರದಿದ್ರ ಸಾಕ್ರಿ. ಬೀಳೋದು ಬೀಳ್ಲಿ, ಕೊಳವಿ ಮತ್ತ ಸಿಗ್ತಾವ."