ಸಿಸ್ಟರ್ ರೊರೇಸಿ ಕೇಳಿದ ಒಂದೇ ಬುಬುಸಿ

ಪೆಸಿಫಿಕ್ ಸಾಗರದ ನಮ್ಮ ನೊನೌಟಿ ದ್ವೀಪದಲ್ಲಿ ‘ಬುಬುಸಿ’ ಎಂದು ಹೇಳಿ ಯಾರು ಏನು ಕೇಳಿದರೂ ಇಲ್ಲವೆನ್ನುವಂತಿಲ್ಲ. ಇಲ್ಲವೆಂದವನ ಜೊತೆ ಊರು ಬಹಳ ದಿನ ಮಾತಾಡುವುದಿಲ್ಲ. ಹೀಗಾಗಿ ಇಗರ್ಜಿಯ ಸನ್ಯಾಸಿನಿ ಸಿಸ್ಟರ್ ರೊರೇಸಿಯವರಿಗೆ ಬಂದ ಕೊಡೆ, ಲಾಟೀನು, ಹೊಸ ಚಪ್ಪಲಿ, ಎಲ್ಲವೂ ವಾರದೊಳಗೆ ಯಾರದೋ ಮನೆ ಸೇರುತ್ತಿದ್ದವು.

“ಆ ಕನ್ನಡಕ ನಂಗೆ ಬುಬುಸಿ ಸಿಸ್ಟರ್,” ಎಂದು ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಕೀಟಲೆ ಮಾಡಿದ್ದಳು.

“ತಗೋ ತಾಯಿ. ಆಮೇಲೆ ಕಾಲು ಬಿಟ್ಟು ಮೂಗಿಗೆ ಪಟ್ಟಿ ಕಟ್ಟಿದ್ರೆ ಬಯ್ಬೇಡ.”

ಇಗರ್ಜಿಯ ಹಿಂದಿನ ಎರಡು ಕೋಣೆಗಳಲ್ಲಿ ಮೂವತ್ತೊಂದು ವರ್ಷ ಅವರು ರೋಗಿಗಳನ್ನು ನೋಡಿಕೊಂಡರು. ತಾವು ಮಾತ್ರ ಯಾರನ್ನೂ ಬುಬುಸಿ ಕೇಳಲಿಲ್ಲ. “ಈ ಬಿಳಿ ಬಟ್ಟೆ ಹಾಕ್ಕೊಂಡು ಕೇಳಿದ್ರೆ ಅದು ಕೇಳಿದ್ದಲ್ಲ, ಕಿತ್ಕೊಂಡಿದ್ದು,” ಎನ್ನುತ್ತಿದ್ದರು.

ಅವರ ಜೊತೆಗಿದ್ದವಳು ತೆಬೋರ. ಹನ್ನೊಂದು ವರ್ಷದ ಹಿಂದೆ ಕುಷ್ಠವೆಂದು ಬಂದವಳು. ಒಂದು ವರ್ಷದ ಮಾತ್ರೆಯಲ್ಲಿ ವಾಸಿಯಾಯಿತು, ಎರಡು ಬೆರಳು ಮಾತ್ರ ಮಡಚಿಕೊಂಡೇ ಉಳಿದವು. ಆದರೂ ಅಣ್ಣ ಕಬಿರಿಯೇರ ಅವಳನ್ನು ಹತ್ತಿರ ಸೇರಿಸಲಿಲ್ಲ. ನಮ್ಮೂರ ಚಾವಡಿ ಮನಿಯಾಬಾದಲ್ಲಿ ಒಂದೊಂದು ಮನೆತನಕ್ಕೂ ಅಜ್ಜಂದಿರ ಕಾಲದ ಜಾಗವಿದೆ. ತೆಬೋರ ಹೊರಗೆ, ಸೂರಿನಂಚಿನ ಹರಳುಕಲ್ಲುಗಳ ಮೇಲೆ ಕೂರುತ್ತಿದ್ದಳು. ಬಿಸಿನೀರು ಕಾಯಿಸುತ್ತ, ಮೀನಿಗೆ ಉಪ್ಪು ಹೆಚ್ಚಾಯಿತೆಂದು ಸಿಸ್ಟರ್ ಜೊತೆ ಜಗಳವಾಡುತ್ತ ಅವಳ ದಿನಗಳು ಕಳೆದವು.

ಒಂದು ಸಲ ಈಸ್ಟರ್‌ಗೆ ಮುಂಚೆ ಬೇರೆ ದ್ವೀಪದ ಹೆಂಗಸೊಬ್ಬಳು ತೆಬೋರಳನ್ನು, “ನೀನು ಯಾರ ಕಡೆಯವಳಮ್ಮ?” ಎಂದು ಕೇಳಿದಳು.

“ಯಾರ ಕಡೆಯೂ ಅಲ್ಲ. ಔಷಧಿ ಕೋಣೆಯವಳು.”

ಅದು ಸಿಸ್ಟರ್ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಅವರು ಕಬಿರಿಯೇರನ ಮನೆಗೆ ಹೋದರು. ಅವನು ಬಲೆ ಹೆಣೆಯುತ್ತಿದ್ದ.

“ಕಬಿರಿಯೇರ, ಬುಬುಸಿ.”

ಅವನ ಕೈ ನಿಂತಿತು. “ನೀವಾ? ಏನು ಬೇಕು ಸಿಸ್ಟರ್? ಹಂದೀನಾ, ದೋಣೀನಾ?”

“ಮನಿಯಾಬಾದ ನಿಮ್ಮ ಜಾಗದಲ್ಲಿ ಒಂದು ಚಾಪೆ ಅಗಲ. ತೆಬೋರಾಗೆ.”

ಅವನು ಬಲೆಯನ್ನು ಪಕ್ಕಕ್ಕಿಟ್ಟ. “ದೋಣಿ ಕೇಳಿದ್ರೆ ಸುಲಭವಾಗ್ತಿತ್ತು.”

“ಗೊತ್ತು ಕಣಪ್ಪ.”

“ಸರಿ, ಕೊಟ್ಟೆ.” ಕೈ ಒರೆಸಿಕೊಂಡು ಎದ್ದ. “ಈಗ ನಂದೊಂದು ಬುಬುಸಿ. ನಮ್ಮ ಜಾಗದಲ್ಲಿ ಕೂತೋಳು ನಿಮ್ಮನೇಲಿ ಉಂಡ್ರೆ ಊರು ನನ್ನ ಮುಖಕ್ಕೆ ಉಗಿಯುತ್ತೆ. ಅವಳನ್ನ ಮನೆಗೆ ಕಳಿಸ್ಬಿಡಿ.”

ಸಿಸ್ಟರ್ ಯೋಚಿಸಿದ್ದು ಚಾಪೆಯಷ್ಟು ಜಾಗವನ್ನು ಮಾತ್ರ, ಇದನ್ನಲ್ಲ. “ನನ್ನ ಕಡೆಯಿಂದ ಕೊಟ್ಟೆ. ಅವಳನ್ನೂ ಒಂದು ಮಾತು ಕೇಳ್ಬೇಕು,” ಎಂದರು.

ತೆಬೋರ ನಂಬಲಿಲ್ಲ. “ಅಣ್ಣ ಕೇಳಿದ್ನಾ? ಅವನ ಬಾಯಿಂದಾನೇ?”

“ಅವನ ಬಾಯಿಂದಾನೇ. ಹೋಗ್ತೀಯಾ?”

ಅಷ್ಟರಲ್ಲಿ ಅವಳು ಬಟ್ಟೆ ಮಡಚತೊಡಗಿದ್ದಳು. ನಡುವೆ ನಿಲ್ಲಿಸಿ, “ನಿಮಗೆ ನೀರು ಯಾರು ಕಾಯಿಸ್ತಾರೆ?” ಎಂದಳು.

“ನಂಗೇನು ಕೈಯಿಲ್ವಾ? ಈಸ್ಟರ್ ಊಟ ಆದ್ಮೇಲೆ ಹಂಗೇ ಹೊರಡು.”

ಈಸ್ಟರ್ ದಿನ ಮನಿಯಾಬಾದಲ್ಲಿ ಕಬಿರಿಯೇರ ಯಾರ ಮುಖವನ್ನೂ ನೋಡದೆ ಪಕ್ಕಕ್ಕೆ ಸರಿದು ಕುಳಿತ. ತೆಬೋರ ಆ ತೆರವಿನಲ್ಲಿ ತನ್ನ ಚಾಪೆ ಹಾಸಿದಳು. ಊಟ ಮುಗಿದ ಮೇಲೆ ಅತ್ತಿಗೆಯ ಜೊತೆ ಹೋದಳು.

ಸಿಸ್ಟರ್ ಒಬ್ಬರೇ ಹಿಂದಿರುಗುವಾಗ ದಾರಿಬದಿಯ ಮನೆಯವಳು ಕೂಗಿದಳು: “ತೆಬೋರ ಎಲ್ಲಿ ಸಿಸ್ಟರ್?”

“ಮನೆಗೆ ಹೋದ್ಲು.”

“ನಿಮ್ಮನೆಗಾ?”

“ಅವಳ ಮನೆಗೆ,” ಎಂದರು ಸಿಸ್ಟರ್. ಆಚೆ ಮನೆಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದರು.