ಬೇಡಿದ್ದು ಕೂಸನ್ನು ಮಾತ್ರ

ಮಗಳು ದೋಣಿಯಲ್ಲಿ, ನಾನೂ ನನ್ನ ಗಂಡನೂ ದಂಡೆಯ ಮೇಲೆ, ನಡುವೆ ಏರುತ್ತಿದ್ದ ಕೃಷ್ಣಾ ಹೊಳೆ. ಚಿಂಚಲಿಯ ತಾಯಿ ಮಾಯಕ್ಕನ ಭಕ್ತರೇ, ಎಂಬತ್ತರ ದಶಕದ ಒಂದು ಶ್ರಾವಣದ ಮಧ್ಯಾಹ್ನ ನನಗೊದಗಿದ ಗಂಡಾಂತರ ಇದು.

ಅಂಕಲಿಯ ಹತ್ತಿರ ನಮ್ಮದೊಂದು ಹಾಯಿದೋಣಿ ಇತ್ತು. ಇಟ್ಟಿಗೆ, ಬೆಲ್ಲ, ದನಗಳ ಮೇವಿನ ಕಣಿಕೆ ಹೇರಿಕೊಂಡು ಹೊಳೆಸಾಲಿನ ಊರುಗಳಿಗೆ ಮುಟ್ಟಿಸುತ್ತಿದ್ದೆವು. ದೋಣಿಯ ಹಿಂಬದಿಗೆ ತಟ್ಟಿ ಕಟ್ಟಿದ ಗೂಡೇ ನಮ್ಮ ಮನೆ. ಒಲೆ, ಹಾಸಿಗೆ, ತೊಟ್ಟಿಲು ಎಲ್ಲ ಅಲ್ಲೇ. ಮಗಳು ಸುಶಿ ಅಂಬೆಗಾಲಿಡಲು ಕಲಿತದ್ದು ಆ ಹಲಗೆಗಳ ಮೇಲೆ. ನೀರಿಗೆ ಬಿದ್ದಾಳೆಂದು ಹಳೆಯ ಸೀರೆಯನ್ನು ಅವಳ ಸೊಂಟಕ್ಕೆ ಸುತ್ತಿ ಹಾಯಿಗಂಬಕ್ಕೆ ಕಟ್ಟುತ್ತಿದ್ದೆ. ಗಾಳಿ ತುಂಬಿ ಹಾಯಿ ಉಬ್ಬಿದರೆ ಚಪ್ಪಾಳೆ ತಟ್ಟುತ್ತಿದ್ದಳು. ಅವಳ ಅಪ್ಪ ಚುಕ್ಕಾಣಿ ಹಿಡಿದು ನಗುತ್ತಿದ್ದರು.

ಘಟ್ಟದ ಮಳೆಗೆ ಹೊಳೆ ಏರುವ ದಿನಗಳಲ್ಲಿ ದೋಣಿ ಕಟ್ಟಿಹಾಕಿ, ಸಾಮಾನು ಇಳಿಸಿ, ದಂಡೆಯ ಗುಡಿಸಲಿಗೆ ಬರುವುದು ವಾಡಿಕೆ. ಆ ದಿನವೂ ಅದನ್ನೇ ಮಾಡುತ್ತಿದ್ದೆವು. ಮಗಳು ಇನ್ನೂ ದೋಣಿಯ ಗೂಡಿನೊಳಗೆ ಮಲಗಿದ್ದಳು. ಅಷ್ಟರಲ್ಲಿ ದಂಡೆಯ ಮಣ್ಣು ಕುಸಿದು, ಹಗ್ಗ ಬಿಗಿದಿದ್ದ ಜಾಲಿಮರ ಬೇರುಸಹಿತ ಉರುಳಿತು. ಹಗ್ಗ ಕಳಚಿ ದೋಣಿ ಗರಗರ ತಿರುಗುತ್ತ ನಡುಹೊಳೆಗೆ ಸರಿಯಿತು.

ನಮ್ಮನೆಯವರು ಅಂಗಿಯನ್ನೂ ಬಿಚ್ಚದೆ ಹಾರಿದರು. ನಾನು ದಂಡೆಗುಂಟ ಕಬ್ಬಿನ ಹೊಲ ತೂರಿ ಓಡಿದೆ. "ತಾಯಿ ಮಾಯಕ್ಕಾ, ನನ್ನ ಕೂಸನ್ನ ಉಳಸವ್ವಾ! ನನ್ನ ಕೂಸು ನನಗ ಕೊಡವ್ವಾ!" ಬೇರೆ ಮಾತು ಬಾಯಿಗೆ ಬರಲಿಲ್ಲ.

ಹೊಳೆ ತಿರುಗುವಲ್ಲಿ, ನೀರು ಹೊಕ್ಕಿದ್ದ ಮಾವಿನ ತೋಟದ ಟೊಂಗೆಗಳಿಗೆ ಸಿಕ್ಕಿ ದೋಣಿ ನಿಂತಿತು. ಅಂಥ ಸೆಳವಿನಲ್ಲಿ ಅದನ್ನು ತಡೆದವರು ಯಾರು ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಇವರು ಈಜಿ ಹೋಗಿ ಹಗ್ಗವನ್ನು ಮರಕ್ಕೆ ಬಿಗಿಯುವಾಗ ತೇಲಿಬಂದ ದಿಮ್ಮಿ ಎದೆಗೆ ಬಡಿಯಿತು. ತೋಟದ ಮರಾಠಿ ರೈತ ತನ್ನ ಆಳುಗಳೊಡನೆ ಇಬ್ಬರನ್ನೂ ಈಚೆ ತಂದ. "ಪೋರ ಸುಖರೂಪ ಆಹೆ, ಬಾಯಿ. ಅಳಬ್ಯಾಡ್ರಿ, ಕೂಸಿಗೆ ಏನೂ ಆಗಿಲ್ಲ" ಎಂದು ಮಗಳನ್ನು ನನ್ನ ಮಡಿಲಿಗೆ ಹಾಕಿದ. ಆಗತಾನೆ ಎದ್ದವಳು "ಅವ್ವಾ, ಹಾಲು" ಎಂದಳು.

ಅದೇ ರೈತನ ಟ್ರ್ಯಾಕ್ಟರಿನಲ್ಲಿ ಡಾಂಬರು ರಸ್ತೆಯವರೆಗೆ, ಅಲ್ಲಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಇವರನ್ನು ಮಲಗಿಸಿಕೊಂಡು ಚಿಕ್ಕೋಡಿಯ ದವಾಖಾನೆಗೆ ಹೋದೆ. "ಪಕ್ಕೆಲಬು ಮುರದು ಒಳಗ ಚುಚ್ಚ್ಯಾವ್ರಿ. ನಮ್ಮ ಕೈಲಾದಷ್ಟು ಮಾಡ್ತೀವಿ" ಎಂದರು ಡಾಕ್ಟರು. ಮಾಡಿದರು ಕೂಡ.

ಒಂದು ಮುಂಜಾನೆ ಉಸಿರು ಎಳೆಯುತ್ತ ಇವರು ಕೇಳಿದರು: "ಓಡುವಾಗ ತಾಯಿಗೆ ಏನ ಬೇಡಿಕೊಂಡಿ?"

"ಕೂಸನ್ನರಿ..." ಎಂದೆ. "ನಿಮ್ಮನ್ನ ಉಳಸಂತ ಬಾಯಿಗೆ ಬರಲಿಲ್ಲರಿ."

"ಛಲೋ ಆತು. ನೀರಾಗ ನಾನೂ ಅದನ್ನ ಬೇಡಿದೆ" ಎಂದು ಮಗಳ ಕಾಲು ಸವರಿದರು. ಮರುದಿನ ತೀರಿಕೊಂಡರು.

ದೋಣಿಯನ್ನು ಮೈದುನನಿಗೆ ಕೊಟ್ಟು ಹಾರೂಗೇರಿಯ ಅಣ್ಣನ ಮನೆ ಸೇರಿದೆ. ಅಲುಗದ ನೆಲದ ಮೇಲೆ ಮಗಳಿಗೆ ನಿದ್ದೆ ಹತ್ತುತ್ತಿರಲಿಲ್ಲ; ತೊಡೆಯ ಮೇಲೆ ಹಾಕಿಕೊಂಡು ತೂಗಬೇಕಿತ್ತು. "ಅಪ್ಪ ಎಲ್ಲಿ?" ಎನ್ನುತ್ತಿದ್ದಳು. ಬರಬರುತ್ತ ಕೇಳುವುದನ್ನೂ ಬಿಟ್ಟಳು. ಅವರದೊಂದು ಫೋಟೊ ಕೂಡ ತೆಗೆಸಿರಲಿಲ್ಲ. ಅವಳಿಗೆ ಅಪ್ಪನ ಮುಖ ನೆನಪಿಲ್ಲ. ಆ ಕೊರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಈಗ ಅವಳೂ ಒಂದು ಮಗುವಿನ ತಾಯಿ. ಮೊನ್ನೆ ಇಬ್ಬರೂ ಚಿಂಚಲಿಗೆ ಹೋಗಿ ನೈವೇದ್ಯ ಕೊಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ಕುಳಿತಾಗ ಕೇಳಿದಳು: "ನಾ ಉಳದೀನಲ್ಲ ಬೇ, ಮತ್ತ ತಾಯಿ ಮುಂದ ಯಾಕ ಅಳ್ತೀ?"

"ಕೊಟ್ಟದ್ದಕ್ಕ ಕೈ ಮುಗಿತೀನವಾ. ಕೇಳದ ಬಿಟ್ಟದ್ದಕ್ಕ ಅಳ್ತೀನಿ."

ತಾಯಿಯ ಮೇಲೆ ನನಗೆ ಮುನಿಸಿಲ್ಲ. ಒಬ್ಬರು ನೀರಿನಲ್ಲಿ, ಒಬ್ಬರು ದಂಡೆಯಲ್ಲಿ ಬೇಡಿದ ಒಂದೇ ವರವನ್ನು ಕೂದಲೂ ಕೊಂಕದಂತೆ ಕೊಟ್ಟಳು. ಉಸಿರಿರುವ ತನಕ ಆಕೆಯ ಹೊಸ್ತಿಲಿಗೆ ಹಣೆ ಹಚ್ಚುತ್ತೇನೆ.